ಇರುವೆನು ಎಂಬ ಹೆಸರು

ಆಟೋಗಳ ಹಿಂಬದಿ ಗಾಜಿನ ಮೇಲೆ, ಸಣ್ಣ ಊರಿನ ಅಂಗಡಿ ಬೋರ್ಡುಗಳ ಮೇಲೆ ‘ಯೆಹೋವ ಯೀರೆ’ ಎಂದು ಬರೆಸಿರುವುದನ್ನು ಬಹಳ ಜನ ನೋಡಿರುತ್ತಾರೆ. ಅರ್ಥ ಕೇಳಿದರೆ ‘ದೇವರ ಹೆಸರು, ಒದಗಿಸುವವನು ಅಂತ’ ಎಂಬ ಉತ್ತರ ಬರುತ್ತದೆ. ಅರ್ಧ ಸರಿ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 22ನೇ ಅಧ್ಯಾಯ ತೆರೆದರೆ ಅದು ದೇವರ ಹೆಸರಲ್ಲ, ಬೆಟ್ಟದ ಒಂದು ಜಾಗದ ಹೆಸರು. ಮಗ ಇಸಾಕನನ್ನು ಬಲಿ ಕೊಡಲು ಹೊರಟ ಅಬ್ರಹಾಮನ ಕೈಯನ್ನು ದೇವದೂತ ತಡೆದ ಮೇಲೆ, ಪೊದೆಯಲ್ಲಿ ಕೊಂಬು ಸಿಕ್ಕಿಸಿಕೊಂಡಿದ್ದ ಟಗರು ಕಣ್ಣಿಗೆ ಬಿದ್ದ ಮೇಲೆ, ಅಬ್ರಹಾಮ ಆ ಸ್ಥಳಕ್ಕೆ ಇಟ್ಟ ಹೆಸರು ಅದು.

ಇನ್ನು ಅರ್ಥ. ‘ಯೀರೆ’ಯ ಧಾತು ಹೀಬ್ರೂವಿನ ‘ರಾಆ’, ಎಂದರೆ ನೋಡು. ‘ಒದಗಿಸು’ ಎಂಬುದು ಅದರ ನೇರ ಅರ್ಥವಲ್ಲ. ದಾರಿಯಲ್ಲಿ ಇಸಾಕ ‘ಬೆಂಕಿ ಇದೆ, ಸೌದೆ ಇದೆ, ಕುರಿ ಎಲ್ಲಿ?’ ಎಂದು ಕೇಳಿದಾಗ ಅಬ್ರಹಾಮ ಕೊಟ್ಟ ಉತ್ತರದಲ್ಲೇ ಈ ಕ್ರಿಯಾಪದ ಇದೆ: ‘ಎಲೋಹೀಮ್ ಯಿರ್ಎ ಲೋ’. ಪದಕ್ಕೆ ಪದ ಇಟ್ಟರೆ ‘ದೇವರು ತನಗಾಗಿ ನೋಡುವನು’. ಲ್ಯಾಟಿನ್ ಅನುವಾದ ಇಲ್ಲಿ ‘ಮುಂದಾಗಿ ನೋಡು’ ಎಂಬ ಅರ್ಥದ ‘ಪ್ರೊವಿದೆರೆ’ ಕ್ರಿಯಾಪದವನ್ನು ಬಳಸಿತು. ಇಂಗ್ಲಿಷಿನ ‘ಪ್ರೊವೈಡ್’ ಆ ಬೇರಿನದು. ಶತಮಾನಗಳಲ್ಲಿ ಅದರೊಳಗಿನ ‘ನೋಡು’ ಸವೆದುಹೋಗಿ ‘ಒದಗಿಸು’ ಮಾತ್ರ ಉಳಿಯಿತು. ಕನ್ನಡಕ್ಕೆ ಆ ಸುತ್ತುದಾರಿ ಬೇಕಿರಲಿಲ್ಲ. ನಮ್ಮಲ್ಲಿ ‘ನೋಡು’ ಜೊತೆಗೆ ‘ಕೊಳ್ಳು’ ಸೇರಿದರೆ ‘ನೋಡಿಕೊಳ್ಳು’. ಹೀಬ್ರೂವಿನ ‘ಲೋ’ ಮಾಡುವ ಕೆಲಸವನ್ನು ನಮ್ಮ ‘ಕೊಳ್ಳು’ ಮಾಡುತ್ತದೆ, ಅರ್ಥವೂ ಅದೇ ಕಡೆಗೆ ಜಾರುತ್ತದೆ. ಕಷ್ಟದಲ್ಲಿರುವ ಅಜ್ಜಿಯೊಬ್ಬಳು ‘ದೇವ್ರು ನೋಡ್ಕೋತಾನೆ ಬಿಡು’ ಎಂದರೆ ಅದು ‘ಯೆಹೋವ ಯೀರೆ’ಗೆ ಯಾವ ಮುದ್ರಿತ ಅನುವಾದಕ್ಕಿಂತಲೂ ಹತ್ತಿರ.

ಕ್ರೈಸ್ತ ಮನೆಗಳ ಗೋಡೆಗಳಲ್ಲಿ ತೂಗುವ ‘ದೇವರ ನಾಮಗಳು’ ಪಟ್ಟಿಯ ಬಹುಪಾಲು ಹೆಸರುಗಳ ಕತೆ ಇದೇ. ‘ಯೆಹೋವ ನಿಸ್ಸಿ’, ನನ್ನ ಧ್ವಜ ಯೆಹೋವನೇ ಎಂಬುದು, ಅಮಾಲೇಕ್ಯರ ಮೇಲಿನ ಯುದ್ಧದ ನಂತರ ಮೋಶೆ ಕಟ್ಟಿದ ಯಜ್ಞವೇದಿಯ ಹೆಸರು. ‘ಯೆಹೋವ ಷಾಲೋಮ್’ ಗಿದ್ಯೋನನ ಯಜ್ಞವೇದಿ. ‘ಯೆಹೋವ ಶಮ್ಮಾ’, ಯೆಹೋವನು ಅಲ್ಲಿದ್ದಾನೆ ಎಂಬುದು, ಯೆಹೆಜ್ಕೇಲನ ಗ್ರಂಥದ ಕಟ್ಟಕಡೆಯ ವಚನದಲ್ಲಿ ಒಂದು ಪಟ್ಟಣಕ್ಕೆ ಬರುವ ಹೆಸರು. ‘ರಾಫಾ’ ಹೆಸರೇ ಅಲ್ಲ, ‘ನಿನ್ನನ್ನು ಗುಣಪಡಿಸುವ ಯೆಹೋವನು ನಾನು’ ಎಂಬ ವಾಕ್ಯದ ತುಂಡು. ಪಟ್ಟಿ ಮಾಡುವವರು ಕಲ್ಲನ್ನು, ಬೆಟ್ಟವನ್ನು, ಊರನ್ನು ಬಿಟ್ಟು ಹೆಸರನ್ನಷ್ಟೇ ಕತ್ತರಿಸಿ ಅಂಟಿಸಿದರೆ ಒಂದೊಂದೂ ದೇವರ ಒಂದೊಂದು ಇಲಾಖೆಯಂತೆ ಕಾಣತೊಡಗುತ್ತದೆ: ಹಣಕ್ಕೆ ಯೀರೆ, ಕಾಯಿಲೆಗೆ ರಾಫಾ, ಜಗಳಕ್ಕೆ ನಿಸ್ಸಿ. ಮೂಲದಲ್ಲಿರುವುದು ಇಲಾಖೆಗಳಲ್ಲ. ಏನೋ ನಡೆದ ಜಾಗದಲ್ಲಿ ಜನ ನಿಲ್ಲಿಸಿ ಹೋದ ಗುರುತುಗಳು.

ಆ ಎಲ್ಲ ಗುರುತುಗಳಲ್ಲೂ ಇರುವ ಮೊದಲ ಪದವೇ ಅಸಲು ಸಮಸ್ಯೆ.

ಹೀಬ್ರೂವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ, ಹಳೆಯ ಬರವಣಿಗೆಯಲ್ಲಿ ವ್ಯಂಜನಗಳಷ್ಟೇ ಇರುತ್ತಿದ್ದವು. ‘ಕನ್ನಡ’ ಎಂಬುದನ್ನು ‘ಕ್ ನ್ ನ್ ಡ್’ ಎಂದಷ್ಟೇ ಬರೆದಂತೆ. ಭಾಷೆ ಬಲ್ಲವನು ಸ್ವರ ತುಂಬಿಕೊಂಡು ಓದುತ್ತಾನೆ. ದೇವರ ಹೆಸರು ನಾಲ್ಕು ಅಕ್ಷರ: ಯೋದ್, ಹೇ, ವಾವ್, ಹೇ. ಯ್ ಹ್ ವ್ ಹ್. ಹೀಬ್ರೂ ಬೈಬಲಿನಲ್ಲಿ ಇದು ಸುಮಾರು 6,800 ಸಲ ಬರುತ್ತದೆ, ಬೇರೆ ಯಾವ ಹೆಸರೂ ಇಷ್ಟು ಸಲ ಬರುವುದಿಲ್ಲ. ಬೈಬಲಿನ ಹೊರಗೂ ಇದೆ. ಈಗಿನ ಜೋರ್ಡಾನಿನ ಧೀಬಾನಿನಲ್ಲಿ 1868ರಲ್ಲಿ ಸಿಕ್ಕ, ಕ್ರಿಸ್ತಪೂರ್ವ 9ನೇ ಶತಮಾನದ ಮೋವಾಬಿನ ಅರಸ ಮೇಷನ ಶಿಲಾಶಾಸನದಲ್ಲಿ ಈ ನಾಲ್ಕಕ್ಷರ ಇದೆ. ಅದೂ ಶತ್ರುವಿನ ದೇವರ ಹೆಸರಾಗಿ: ಯೆಹೋವನ ವಸ್ತುಗಳನ್ನು ಎತ್ತಿಕೊಂಡು ಬಂದು ತನ್ನ ದೇವರು ಕೆಮೋಷನ ಮುಂದಿಟ್ಟೆ ಎಂದು ಮೇಷ ಜಂಬ ಕೊಚ್ಚಿಕೊಳ್ಳುವ ಸಾಲಿನಲ್ಲಿ.

ಇಷ್ಟು ಸಲ ಬರೆದ ಹೆಸರನ್ನು ಯೆಹೂದ್ಯರು ಕಾಲಕ್ರಮದಲ್ಲಿ ಬಾಯಲ್ಲಿ ಹೇಳುವುದನ್ನು ಬಿಟ್ಟರು. ಕಾರಣ ತಿಳಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ ‘ಇವರು’, ‘ನಮ್ಮ ಯಜಮಾನರು’ ಎನ್ನುತ್ತಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಹೇಳಲೇಬೇಕಾಗಿ ಬಂದಾಗ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೆಸರನ್ನು ಜಾರಿಸಿಬಿಡುತ್ತಿದ್ದರು. ಯೆಹೂದ್ಯರೂ ಹಾಗೆಯೇ: ಪುಸ್ತಕದಲ್ಲಿ ನಾಲ್ಕಕ್ಷರ ಕಂಡಲ್ಲಿ ‘ಅದೋನಾಯ್’, ನನ್ನ ಒಡೆಯ, ಎಂದು ಓದಿದರು. ಮಾತಿನ ನಡುವೆ ‘ಹಶ್ಶೇಮ್’ ಎನ್ನುತ್ತಾರೆ, ಅಂದರೆ ‘ಆ ಹೆಸರು’ ಅಷ್ಟೇ.

ಕ್ರಿಸ್ತಶಕ 6ರಿಂದ 10ನೇ ಶತಮಾನದವರೆಗೆ ಮಸೊರೇಟರೆಂಬ ವಿದ್ವಾಂಸರು, ಅವರಲ್ಲಿ ಮುಖ್ಯರಾದವರು ಗಲಿಲಾಯದ ತಿಬೇರಿಯದವರು, ವ್ಯಂಜನಗಳ ಕೆಳಗೆ ಮೇಲೆ ಚುಕ್ಕೆ ಗೆರೆಗಳಿಂದ ಸ್ವರಗಳನ್ನು ಗುರುತಿಸಿದರು. ನಾಲ್ಕಕ್ಷರ ಬಂದಲ್ಲಿ ಅವರು ಒಂದು ಅಕ್ಷರವನ್ನೂ ಬದಲಿಸಲಿಲ್ಲ, ಓದುಗನಿಗೆ ಎಚ್ಚರಿಕೆಯಾಗಿ ‘ಅದೋನಾಯ್’ನ ಸ್ವರಗಳನ್ನು ಅದಕ್ಕೆ ತೊಡಿಸಿದರು. ಲೆಕ್ಕ ಹೀಗಿದೆ. ಅದೋನಾಯ್‌ನ ಸ್ವರ ಮೂರು: ಮೊದಲು ಅರೆ ‘ಅ’, ನಡುವೆ ‘ಓ’, ಕೊನೆಗೆ ‘ಆ’. ಮೊದಲ ಅಕ್ಷರ ಆಲೆಫ್ ಗಂಟಲಿನದು, ಅದಕ್ಕೆ ಅರೆ ‘ಅ’ ಒಗ್ಗುತ್ತದೆ. ‘ಯೋದ್’ ಗಂಟಲಿನ ಅಕ್ಷರವಲ್ಲವಾದ್ದರಿಂದ ಅದರ ಕೆಳಗೆ ಅದೇ ಸ್ವರ ಸಾದಾ ಅರೆ ‘ಎ’ ಆಗುತ್ತದೆ. ಆಗ ಬರುವುದು ಯೆ-ಹೋ-ವಾ-ಹ್. ‘ಬರೆದಿರುವುದು ಇದು, ಓದಬೇಕಾದದ್ದು ಅದು’ ಎಂಬ ಈ ಸೂಚನೆಯನ್ನು ಅರಿಯದ ಯುರೋಪಿನ ಕ್ರೈಸ್ತ ಪಂಡಿತರು ಎರಡನ್ನೂ ಕೂಡಿಸಿ ಓದಿದರು. ಒಂದು ಪದದ ಒಡಲು, ಇನ್ನೊಂದರ ಉಸಿರು. 1530ರಲ್ಲಿ ಬೈಬಲ್ ಅನುವಾದಕ ಟಿಂಡೇಲ್ ಇಂಗ್ಲಿಷಿಗೆ ತಂದ ರೂಪ ಇದೇ, ಮಿಷನರಿಗಳ ಕೈಯಲ್ಲಿ ಕನ್ನಡಕ್ಕೆ ಬಂದದ್ದೂ ಇದೇ.

ಹಾಗಾದರೆ ಮೂಲ ಉಚ್ಚಾರ? ‘ಯಾಹ್ವೆ’ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅವರ ಕೈಯಲ್ಲಿರುವ ಸಾಕ್ಷ್ಯ ತೀರಾ ಗಾಳಿಯದಲ್ಲ: 5ನೇ ಶತಮಾನದ ಕ್ರೈಸ್ತ ಬಿಷಪ್ ಥಿಯೊಡೊರೆಟ್, ಸಮಾರ್ಯದವರು ಅದನ್ನು ‘ಯಾಬೆ’ ಎನ್ನುತ್ತಾರೆಂದು ಬರೆದಿಟ್ಟಿದ್ದಾನೆ. ಹೆಸರಿನ ಮೊದಲ ಭಾಗವಂತೂ ಯಾರೂ ಅಡಗಿಸಲಾಗದಂತೆ ಉಳಿದುಬಂದಿದೆ. ‘ಹಲ್ಲೆಲೂಯಾ’ದ ಕೊನೆಯ ‘ಯಾ’ ಅದೇ: ‘ಯಾಹುವನ್ನು ಸ್ತುತಿಸಿರಿ’. ಯೆಶಾಯ, ಯೆರೆಮೀಯ, ನೆಹೆಮೀಯ ಹೆಸರುಗಳ ಬಾಲದಲ್ಲಿ ಅದೇ ಇದೆ, ಯೋಹಾನ, ಯೋನಾತಾನರ ತಲೆಯಲ್ಲಿ ಅದೇ. ಎಲೀಯನ ಹೆಸರು ಪೂರ್ತಿ ವಾಕ್ಯ: ‘ಯಾಹು ನನ್ನ ದೇವರು’. ‘ಯೇಸು’ ಕೂಡ ‘ಯೆಹೋಶುವ’ದ ಸವೆದ ರೂಪ, ಯೆಹೋವನು ರಕ್ಷಿಸುತ್ತಾನೆ ಎಂದು. ನೆರೆಮನೆಯ ಜಾನ್‌ನನ್ನು ಕೂಗುವಾಗಲೂ ಆ ನಾಲ್ಕಕ್ಷರದ ಒಂದು ಚೂರು ಬಾಯಿಗೆ ಬಂದಿರುತ್ತದೆ.

ಗ್ರೀಕಿನಲ್ಲಿ ಆದದ್ದು ಇನ್ನೊಂದು ಕತೆ. ಯೇಸುವಿಗಿಂತ ಮೊದಲೇ ಯೆಹೂದ್ಯರು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತಂದಿದ್ದರು. ಈಜಿಪ್ಟಿನಲ್ಲಿ ಸಿಕ್ಕ ಧರ್ಮೋಪದೇಶಕಾಂಡದ ಹಳೆಯ ಪಪೈರಸ್ ಒಂದರಲ್ಲಿ ಪಠ್ಯವೆಲ್ಲ ಗ್ರೀಕ್, ದೇವರ ಹೆಸರು ಮಾತ್ರ ಹೀಬ್ರೂ ಲಿಪಿಯಲ್ಲೇ ಇದೆ. ಹೀಬ್ರೂ ಬಾರದ ಓದುಗರಿಗೆ ‘ಹೇ’ ಅಕ್ಷರ ಗ್ರೀಕಿನ ‘ಪೈ’ಯಂತೆಯೂ, ‘ವಾವ್’ ಮತ್ತು ‘ಯೋದ್’ ‘ಅಯೋಟ’ದಂತೆಯೂ ಕಂಡವು. ಅಭ್ಯಾಸಬಲದಿಂದ ಎಡದಿಂದ ಬಲಕ್ಕೆ ಓದಿದರು: ‘ಪಿಪಿ’! 384ರಲ್ಲಿ ಬೈಬಲಿನ ಲ್ಯಾಟಿನ್ ಅನುವಾದಕ ಜೆರೋಮ್ ರೋಮಿನ ಮಾರ್ಸೆಲ್ಲಾ ಎಂಬಾಕೆಗೆ ದೇವರ ಹತ್ತು ಹೀಬ್ರೂ ಹೆಸರುಗಳನ್ನು ವಿವರಿಸಿ ಬರೆದ ಪತ್ರದಲ್ಲಿ ಈ ಅವಾಂತರವನ್ನು ಪ್ರಸ್ತಾಪಿಸಿದ್ದಾನೆ. ನಂತರದ ಪ್ರತಿಗಳಲ್ಲಿ ‘ಕ್ಯೂರಿಯೋಸ್’, ಅಂದರೆ ಒಡೆಯ ಎಂಬುದೇ ನೆಲೆನಿಂತಿತು.

ಇನ್ನು ಅರ್ಥಕ್ಕೆ ಬರೋಣ. ವಿಮೋಚನಕಾಂಡದ 3ನೇ ಅಧ್ಯಾಯದಲ್ಲಿ ಉರಿಯುವ ಪೊದೆಯ ಮುಂದೆ ನಿಂತ ಮೋಶೆ, ‘ಆತನ ಹೆಸರೇನು ಎಂದು ಜನ ಕೇಳಿದರೆ ಏನು ಹೇಳಲಿ?’ ಎಂದು ಕೇಳುತ್ತಾನೆ. ಉತ್ತರ: ‘ಎಹ್ಯೆ ಅಶೆರ್ ಎಹ್ಯೆ’. ಹಳೆಯ ಕನ್ನಡ ಬೈಬಲು, ಅಂದರೆ ‘ಸತ್ಯವೇದ’, ಇದನ್ನು ‘ಇರುವಾತನೇ ಆಗಿದ್ದೇನೆ’ ಎಂದು ತಂದಿದೆ. ಇದು ಗ್ರೀಕ್ ಅನುವಾದದ ‘ಹೋ ಓನ್’, ‘ಇರುವಾತನು’ ಎಂಬುದರ ಜಾಡು. ಆರ್ಥಡಾಕ್ಸ್ ಸಭೆಗಳ ಕ್ರಿಸ್ತನ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ, ತಲೆಯ ಹಿಂದಿನ ಪ್ರಭಾವಳಿಯೊಳಗಿನ ಶಿಲುಬೆಯ ಮೂರು ತೋಳುಗಳಲ್ಲಿ ಈ ಪದದ ಮೂರು ಗ್ರೀಕ್ ಅಕ್ಷರಗಳು ಒಂದೊಂದಾಗಿ ಕೂತಿರುತ್ತವೆ.

‘ಇರುವಾತ’ ಗಂಭೀರವಾದ ಪದ, ಆದರೆ ನಿಂತ ನೀರು. ಹೀಬ್ರೂವಿನ ‘ಎಹ್ಯೆ’ ಹರಿಯುವ ಕ್ರಿಯಾಪದ. ಅದರ ಧಾತುವಿನಲ್ಲಿ ‘ಇರು’ ಮತ್ತು ‘ಆಗು’ ಎರಡೂ ಒಂದೇ, ಕಾಲವೂ ವರ್ತಮಾನಕ್ಕೆ ಕಟ್ಟುಬಿದ್ದಿಲ್ಲ. ಇಂಗ್ಲಿಷಿನವರು ‘ಇದ್ದೇನೆ’ ಎಂದು ಬರೆದು, ‘ಇರುವೆನು’ ಎಂಬುದನ್ನು ಅಡಿಟಿಪ್ಪಣಿಗೆ ತಳ್ಳಬೇಕಾಗುತ್ತದೆ. ಕನ್ನಡದ ‘ಇರುವೆನು’ ಸುಮ್ಮನೆ ಆ ಕೆಲಸವನ್ನೆಲ್ಲ ಮಾಡುತ್ತದೆ: ನಾಳೆಯ ಮಾತೂ ಹೌದು, ಸದಾ ನಡೆಯುವುದರ ಮಾತೂ ಹೌದು. ‘ಸೂರ್ಯನು ಪೂರ್ವದಲ್ಲಿ ಹುಟ್ಟುವನು’ ಎಂದರೆ ನಾಳೆ ಮಾತ್ರ ಎಂದು ಯಾರೂ ತಿಳಿಯುವುದಿಲ್ಲವಲ್ಲ. ಎರಡೇ ವಚನಗಳ ಹಿಂದೆ, ಹೆದರಿದ ಮೋಶೆಗೆ ‘ನಾನು ನಿನ್ನ ಸಂಗಡ ಇರುವೆನು’ ಎಂದು ಹೇಳುವಲ್ಲಿ ಇರುವುದೂ ಇದೇ ‘ಎಹ್ಯೆ’. ಅಲ್ಲಿ ‘ಇರುವೆನು’, ಇಲ್ಲಿ ‘ಇರುವಾತ’ ಎಂದು ಬೇರೆ ಮಾಡಿದ್ದರಿಂದ ಕನ್ನಡ ಓದುಗನಿಗೆ ಎರಡರ ನಂಟು ತಪ್ಪಿಹೋಯಿತು. ಮೂಲದಲ್ಲಿ ಆಗಷ್ಟೇ ಕೊಟ್ಟ ಭರವಸೆಯ ಕ್ರಿಯಾಪದವೇ ಹೆಸರಾಗಿ ನಿಲ್ಲುತ್ತದೆ. ಅಸ್ತಿತ್ವದ ತತ್ವಶಾಸ್ತ್ರ ಆಮೇಲೆ ಬಂದದ್ದು. ದೇವರು ತಾನೇ ಹೇಳಿದಾಗ ಅದು ‘ಇರುವೆನು’. ಜನ ಆತನ ಬಗ್ಗೆ ಹೇಳಿದಾಗ ಅದೇ ಪ್ರಥಮ ಪುರುಷದಲ್ಲಿ ‘ಇರುವನು’, ಅದೇ ನಾಲ್ಕಕ್ಷರ. ಕೆಲವು ವಿದ್ವಾಂಸರು ಅದನ್ನು ಪ್ರೇರಣಾರ್ಥಕವಾಗಿ ‘ಇರಿಸುವವನು, ಉಂಟುಮಾಡುವವನು’ ಎಂದೂ ಬಿಡಿಸುತ್ತಾರೆ. ಆದರೆ ಆ ಅಧ್ಯಾಯದ ಮಾತಿನ ಓಟಕ್ಕೆ ಒಪ್ಪುವುದು ಮೊದಲನೆಯದೇ.

‘ದೇವರು’ ಎಂಬ ಸಾದಾ ಪದದಲ್ಲಿ ಕನ್ನಡಕ್ಕೆ ಒಂದು ಅದೃಷ್ಟ ಒಲಿದಿದೆ. ಹೀಬ್ರೂವಿನ ‘ಎಲೋಹೀಮ್’ ರೂಪದಲ್ಲಿ ಬಹುವಚನ, ಕೊನೆಯ ‘ಈಮ್’ ನಮ್ಮ ‘ಗಳು’ ಇದ್ದ ಹಾಗೆ. ಆದರೆ ಬೈಬಲಿನ ಮೊದಲ ವಾಕ್ಯದಲ್ಲೇ ಅದರ ಕ್ರಿಯಾಪದ ಏಕವಚನ. ಹಳೆಯ ಸತ್ಯವೇದದ ಅದೇ ವಾಕ್ಯ: ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.’ ದೇವ‘ರು’, ಮಾಡಿದ‘ನು’. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಅಂಕ ಸಿಗಲಿಕ್ಕಿಲ್ಲ, ಆದರೆ ಹೀಬ್ರೂವಿನ ವಿಚಿತ್ರ ಅಚ್ಚು ಹೊಡೆದಂತೆ ಉಳಿದಿದೆ. ನಿಜವಾಗಿ ಬಹಳ ದೇವತೆಗಳನ್ನು ಹೇಳಬೇಕಾದಾಗ ಕನ್ನಡ ‘ದೇವರುಗಳು’ ಎಂದು ಇನ್ನೊಂದು ಪ್ರತ್ಯಯ ಸೇರಿಸುತ್ತದೆ. ಆ ಸೌಕರ್ಯ ಹೀಬ್ರೂವಿಗಿಲ್ಲ, ಕ್ರಿಯಾಪದವನ್ನೋ ಸಂದರ್ಭವನ್ನೋ ನೋಡಿ ತಿಳಿಯಬೇಕು.

ಈ ಬಹುವಚನವನ್ನು ಹಿಡಿದು ‘ನೋಡಿ, ತ್ರಿತ್ವ ಇಲ್ಲೇ ಇದೆ’ ಎನ್ನುವ ಚರ್ಚಿನ ಪ್ರಸಂಗಗಳು ಎಷ್ಟೋ. ತ್ರಿತ್ವ ಎಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತ ನಂಬಿಕೆ. ವಾದ ನಿಲ್ಲುವುದಿಲ್ಲ. ಫಿಲಿಷ್ಟಿಯರ ಒಬ್ಬನೇ ದಾಗೋನನಿಗೂ ನ್ಯಾಯಸ್ಥಾಪಕರ ಪುಸ್ತಕ ಇದೇ ಬಹುವಚನ ಬಳಸುತ್ತದೆ. ಒಬ್ಬ ಕ್ರೂರ ಒಡೆಯನಿಗೆ ಯೆಶಾಯ ‘ಅದೋನೀಮ್’, ಒಡೆಯರು, ಎನ್ನುತ್ತಾನೆ. ‘ಅಪ್ಪನವರು ಬಂದರು’ ಎಂದರೆ ಎಷ್ಟು ಜನ ಅಪ್ಪಂದಿರು ಎಂದು ಕೇಳದ ಕನ್ನಡಿಗರಾದರೂ ಈ ಗುಂಡಿಗೆ ಬೀಳಬಾರದು. ತ್ರಿತ್ವಕ್ಕೆ ಕ್ರೈಸ್ತರ ಆಧಾರಗಳು ಬೇರೆ ಇವೆ.

ಬಿರುದುಗಳ ವಿಷಯ ಬೇಗ ಮುಗಿಸಬಹುದು. ‘ಎಲ್ ಎಲ್ಯೋನ್’ ನಮ್ಮಲ್ಲಿ ‘ಪರಾತ್ಪರನಾದ ದೇವರು’. ‘ಸೆಬಾಓತ್’ ಎಂದರೆ ಸೈನ್ಯಗಳು, ಹಾಗಾಗಿ ‘ಸೇನಾಧೀಶ್ವರನಾದ ಯೆಹೋವನು’. ‘ಶದ್ದೈ’ ಹೀಬ್ರೂ ಬೈಬಲಿನಲ್ಲಿ 48 ಸಲ ಬರುತ್ತದೆ, ಅದರಲ್ಲಿ 31 ಸಲ ಯೋಬನ ಗ್ರಂಥವೊಂದರಲ್ಲೇ. ‘ಸರ್ವಶಕ್ತ’ ಎಂಬುದು ಗ್ರೀಕ್, ಲ್ಯಾಟಿನ್ ಅನುವಾದಕರ ತೀರ್ಮಾನ. ಪದದ ಬೇರು ಅಕ್ಕಾಡಿಯನ್ನಿನ ‘ಬೆಟ್ಟ’ವೋ ಹೀಬ್ರೂವಿನ ‘ಸ್ತನ’ವೋ ಎಂಬ ಜಗಳ ಇತ್ಯರ್ಥವಾಗಿಲ್ಲ. 91ನೇ ಕೀರ್ತನೆಯ ಮೊದಲ ಎರಡು ವಚನಗಳನ್ನು ಪೆನ್ಸಿಲ್ ಹಿಡಿದು ಓದಿ ನೋಡಿ: ಪರಾತ್ಪರ, ಸರ್ವಶಕ್ತ, ಯೆಹೋವ, ನನ್ನ ದೇವರು. ಮೊದಲೆರಡು ದೂರದ ಬಿರುದು, ಮೂರನೆಯದು ಹೆಸರು, ನಾಲ್ಕನೆಯದರಲ್ಲಿ ‘ನನ್ನ’ ಸೇರಿಬಿಟ್ಟಿದೆ. ಕವಿ ಸುಮ್ಮನೆ ಪರ್ಯಾಯಪದಗಳನ್ನು ಜೋಡಿಸಿಲ್ಲ, ಹೊರಗಿನಿಂದ ಒಳಮನೆಗೆ ನಡೆದು ಬಂದಿದ್ದಾನೆ.

ಒಡೆಯ ಎಂಬ ಅರ್ಥದ ಇನ್ನೊಂದು ಪದ ‘ಬಅಲ್’. ಕಾನಾನಿನ ದೇವತೆಯ ಹೆಸರೂ ಅದೇ, ಹೀಬ್ರೂವಿನಲ್ಲಿ ಗಂಡನಿಗೆ ಹೇಳುವ ಸಾದಾ ಮಾತೂ ಅದೇ, ಥೇಟ್ ನಮ್ಮ ‘ಯಜಮಾನರು’. ಹೋಶೇಯನ 2ನೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲೆಂಬ ಹೆಂಡತಿಗೆ, ಇನ್ನು ಮೇಲೆ ನನ್ನನ್ನು ‘ಬಅಲೀ’ ಎನ್ನಬೇಡ, ‘ಈಶೀ’ ಎನ್ನು ಎನ್ನುತ್ತಾನೆ. ‘ನನ್ನ ಯಜಮಾನ’ ಬೇಡ, ‘ನನ್ನ ಗಂಡ’ ಸಾಕು. ಹಳೆಯ ಅನುವಾದ ಈ ಎರಡು ಪದಗಳನ್ನು ಹೀಬ್ರೂವಿನಲ್ಲೇ ಬಿಟ್ಟಿತು. ಇಷ್ಟು ಸಲೀಸಾಗಿ ಕನ್ನಡವಾಗುವ ಜಾಗ ಇನ್ನೊಂದಿರಲಿಲ್ಲ.

ದಕ್ಷಿಣದ ಭಾಷೆಗಳ ಹಳೆಯ ಅನುವಾದಗಳು ನಾಲ್ಕಕ್ಷರದ ಮುಂದೆ ಒಂದೇ ದಾರಿ ಹಿಡಿಯಲಿಲ್ಲ. ತಮಿಳು ‘ಕರ್ತರ್’ ಎಂದಿತು, ತೆಲುಗು, ಮಲಯಾಳ, ಕನ್ನಡಗಳು ಹೆಸರನ್ನೇ ಉಳಿಸಿಕೊಂಡವು. ಕನ್ನಡದ ಪೂರ್ತಿ ಬೈಬಲು ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಮುಗಿಯಿತು. ಕಥೋಲಿಕರು ‘ಸರ್ವೇಶ್ವರ’ ಎನ್ನುತ್ತಾರೆ. ಮಧುರೆಯಲ್ಲಿ 17ನೇ ಶತಮಾನದಲ್ಲಿ ಜೆಸ್ವಿಟ್ ರಾಬರ್ಟ್ ದ ನೊಬಿಲಿ ತಮಿಳಿನಲ್ಲಿ ಬಳಸಿದ ‘ಸರ್ವೇಸುರನ್’ ಇದರ ಅಣ್ಣ. ಆರಾಧನೆಯಲ್ಲಿ ನಾಲ್ಕಕ್ಷರವನ್ನು ಉಚ್ಚರಿಸಬಾರದೆಂದು 2008ರಲ್ಲಿ ವ್ಯಾಟಿಕನ್ ಸೂಚನೆ ಕೊಟ್ಟಾಗ ಕನ್ನಡ ಕಥೋಲಿಕರು ಬದಲಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಯೆಹೋವ ಎಂದು ಉಳಿಸಿಕೊಂಡದ್ದರಿಂದ ಒಂದು ಲಾಭ, ಒಂದು ನಷ್ಟ. ಲಾಭ 110ನೇ ಕೀರ್ತನೆಯಲ್ಲಿ ಕಾಣುತ್ತದೆ: ಯೆಹೋವನು ‘ನನ್ನ ಒಡೆಯನಿಗೆ’ ನುಡಿದನು ಎಂಬಲ್ಲಿ ಇಬ್ಬರು ಬೇರೆ ಬೇರೆ ಎಂದು ಕನ್ನಡದಲ್ಲಿ ಕೂಡಲೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಲಾರ್ಡ್’ ಇರುವುದರಿಂದ ಒಂದನ್ನು ದೊಡ್ಡಕ್ಷರದಲ್ಲಿ ಅಚ್ಚು ಮಾಡಬೇಕು. ನಷ್ಟ ಹೊಸ ಒಡಂಬಡಿಕೆಯಲ್ಲಿ, ಅಂದರೆ ಯೇಸುವಿನ ನಂತರ ಬರೆದ ಬೈಬಲಿನ ಎರಡನೆಯ ಭಾಗದಲ್ಲಿ. ಅದು ಗ್ರೀಕ್, ಅಲ್ಲಿ ನಾಲ್ಕಕ್ಷರ ಇಲ್ಲ, ‘ಕ್ಯೂರಿಯೋಸ್’ ಅಷ್ಟೇ ಇದೆ. ಕನ್ನಡದಲ್ಲಿ ಅದು ‘ಕರ್ತ’. ಯೋವೇಲನ ಗ್ರಂಥದಲ್ಲಿ, ಯೆಹೋವನ ನಾಮವನ್ನು ಹೇಳಿಕೊಳ್ಳುವವರಿಗೆ ರಕ್ಷಣೆ ಎಂದಿದೆ. ರೋಮಾಪುರದವರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಅದೇ ಮಾತನ್ನು ಎತ್ತಿಕೊಂಡು ಯೇಸುವಿಗೆ ಹೊಂದಿಸುತ್ತಾನೆ. ಅಲ್ಲಿ ‘ಕರ್ತನ ನಾಮ’ ಎಂದಿದೆ. ಗ್ರೀಕ್ ಓದುಗನಿಗೆ ಎರಡೂ ಕಡೆ ಒಂದೇ ಪದ, ಕನ್ನಡ ಓದುಗನಿಗೆ ಕೊಂಡಿ ಕಳಚಿದೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಬರುವ ‘ಎಲ್ಲಾ ಹೆಸರುಗಳಿಗಿಂತ ಶ್ರೇಷ್ಠವಾದ ಹೆಸರು’ ಯಾವುದು ಎಂದರೆ ‘ಯೇಸು’ ಎಂದೇ ಹೆಚ್ಚಿನವರು ಹೇಳಿಯಾರು. ಆದರೆ ಆ ಭಾಗ ಯೆಶಾಯ 45ರಲ್ಲಿ ಯೆಹೋವನು ತನಗಾಗಿಯೇ ಹೇಳಿಕೊಂಡ ‘ಎಲ್ಲರೂ ನನಗೆ ಮೊಣಕಾಲೂರುವರು’ ಎಂಬ ಮಾತಿನ ಮೇಲೆ ನಿಂತಿದೆ, ಮುಗಿಯುವುದೂ ‘ಯೇಸು ಕ್ರಿಸ್ತನು ಕರ್ತನು’ ಎಂಬ ಅರಿಕೆಯಲ್ಲಿ. ಕೊಟ್ಟ ಹೆಸರು ‘ಕರ್ತ’, ಅಂದರೆ ಆ ನಾಲ್ಕಕ್ಷರವೇ. ಕ್ರೈಸ್ತಧರ್ಮ ಯೆಹೂದ್ಯಧರ್ಮದಿಂದ ಬೇರೆಯಾದ ಕವಲುದಾರಿ ಈ ಒಂದು ಪದದಲ್ಲಿದೆ, ಅನುವಾದ ಅದನ್ನು ಅರಿಯದೆಯೇ ಮುಚ್ಚಿದೆ. ಹೊಸ ಒಡಂಬಡಿಕೆಯಲ್ಲಿ ಹಳೆಯದರ ಉದ್ಧರಣೆ ಸಿಕ್ಕಾಗಲೆಲ್ಲ ಮೂಲ ವಚನ ತೆರೆದು, ‘ಕರ್ತ’ನ ಜಾಗದಲ್ಲಿ ‘ಯೆಹೋವ’ ಇದೆಯೇ ಎಂದು ನೋಡುವುದೊಂದೇ ಇದಕ್ಕೆ ಮದ್ದು. ಪುಟದ ಅಂಚಿನಲ್ಲೋ ಅಡಿಯಲ್ಲೋ ಅಚ್ಚಾದ ಉಲ್ಲೇಖಗಳು ಇರುವುದು ಅದಕ್ಕೇ.

ಕೊನೆಗೆ ‘ತಂದೆ’. ಯೇಸು ಬಳಸಿದ ಅರಾಮಿಕ್ ಪದ ‘ಅಬ್ಬಾ’ ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತದೆ: ಮಾರ್ಕ, ರೋಮಾಪುರ, ಗಲಾತ್ಯ. ಕನ್ನಡದಲ್ಲಿ ‘ಅಬ್ಬಾ’ ಎಂದರೆ ಬೆರಗು, ಸುಸ್ತು. ಆದ್ದರಿಂದ ಅನುವಾದಕರು ‘ಅಪ್ಪಾ, ತಂದೆಯೇ’ ಎಂದದ್ದು ಜಾಣತನ. ಇದು ಕೂಸಿನ ತೊದಲು ಎಂದು ಹೇಳುವ ಪ್ರಸಂಗಗಳುಂಟು. ಹಾಗಲ್ಲ. ದೊಡ್ಡವರಾದ ಮಕ್ಕಳೂ ಹಾಗೇ ಕರೆಯುತ್ತಿದ್ದರು, ನಲವತ್ತರ ಮಗ ಅಪ್ಪನನ್ನು ‘ಅಪ್ಪಾ’ ಎನ್ನುವಂತೆಯೇ.

ಆ ಅಪ್ಪನಿಗೆ ನೀನು ಎನ್ನಬೇಕೋ ನೀವು ಎನ್ನಬೇಕೋ? ಹೀಬ್ರೂ, ಗ್ರೀಕ್‌ಗಳಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕನ್ನಡದಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಳೆಯ ಸತ್ಯವೇದ ದೇವರಿಗೆ ‘ಆತನು’ ಎಂಬ ನಡುಮಟ್ಟದ ಗೌರವ ಇಟ್ಟು, ಪ್ರಾರ್ಥನೆಯಲ್ಲಿ ‘ನಿನ್ನ’ ಎನ್ನುತ್ತದೆ. ಕಥೋಲಿಕರು ಓದುವ ಬೈಬಲು ‘ದೇವರು ಪ್ರೀತಿಸಿದರು’ ಎಂದು ಕ್ರಿಯಾಪದಕ್ಕೂ ಗೌರವ ಕೊಟ್ಟು, ಪ್ರಾರ್ಥನೆಯಲ್ಲಿ ‘ನಿಮ್ಮ’ ಎನ್ನುತ್ತದೆ. ಮೊದಲನೆಯದರಲ್ಲಿ ಸಲುಗೆ, ಎರಡನೆಯದರಲ್ಲಿ ಮನೆತನದ ಮರ್ಯಾದೆ. ಎರಡು ಸಭೆಗಳವರು ಒಂದೇ ಚಪ್ಪರದಡಿ ಕೂಡಿ ಕರ್ತನ ಪ್ರಾರ್ಥನೆ ಶುರುಮಾಡಿದಾಗ ಅರ್ಧ ಜನ ‘ಪರಲೋಕದಲ್ಲಿರುವ’ ಎನ್ನುತ್ತಾರೆ, ಅರ್ಧ ‘ಸ್ವರ್ಗದಲ್ಲಿರುವ’. ಆಮೇಲೆ ‘ನಮ್ಮ ತಂದೆಯೇ’ ಎಂಬಲ್ಲಿ ದನಿಗಳು ಕೂಡುತ್ತವೆ. ಮರುಗಳಿಗೆ ‘ನಿನ್ನ’, ‘ನಿಮ್ಮ’ ಎಂದು ಮತ್ತೆ ಬೇರೆಯಾಗುತ್ತವೆ.